ಅಗಲದ ಟೈರಿಗೆ ಹಿಡಿತ ಎಲ್ಲಿಂದ ಬರುತ್ತದೆ?

ಕಾರು ಎಷ್ಟೇ ದೊಡ್ಡದಿರಲಿ, ಅದು ರಸ್ತೆಯನ್ನು ಮುಟ್ಟುವುದು ನಾಲ್ಕೇ ಕಡೆ. 1,400 ಕಿಲೋ ತೂಕದ ಕಾರಿನ ಪ್ರತಿ ಚಕ್ರದ ಮೇಲೆ ಸರಾಸರಿ 350 ಕಿಲೋ ಭಾರ ಬೀಳುತ್ತದೆ. ಟೈರಿನೊಳಗೆ 32 ಪಿಎಸ್‌ಐ ಗಾಳಿ ಇದ್ದರೆ ಆ ಭಾರವನ್ನು ಹೊರಲು ಸುಮಾರು 156 ಚದರ ಸೆಂಟಿಮೀಟರ್ ರಬ್ಬರ್ ನೆಲಕ್ಕೆ ಒತ್ತಿಕೊಂಡಿದ್ದರೆ ಸಾಕು. ಅಂದರೆ ಅಂಚೆ ಕಾರ್ಡಿಗಿಂತ ಒಂದಿಷ್ಟು ದೊಡ್ಡ ಜಾಗ. ವೇಗ ಪಡೆಯುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಈ ನಾಲ್ಕು ತುಂಡು ಜಾಗದಲ್ಲೇ ಆಗಬೇಕು. ಸ್ಪೋರ್ಟ್ಸ್ ಕಾರಿಗೆ ಅಗಲದ ಟೈರು ಹಾಕಿಸುವವರು ಈ ಜಾಗವನ್ನು ಹಿಗ್ಗಿಸುತ್ತಿದ್ದೇವೆ ಎಂದುಕೊಂಡಿರುತ್ತಾರೆ. ನಿಜವಾಗಿ ಅದು ಅಷ್ಟಾಗಿ ಹಿಗ್ಗುವುದಿಲ್ಲ. ಭಾರವೂ ಗಾಳಿಯ ಒತ್ತಡವೂ ಮೊದಲಿನಷ್ಟೇ ಇದ್ದರೆ ನೆಲ ಮುಟ್ಟುವ ವಿಸ್ತೀರ್ಣ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಬದಲಾಗುವುದು ಆ ಜಾಗದ, ಅಂದರೆ ನೆಲದ ಮೇಲಿನ ಟೈರಿನ ಅಚ್ಚಿನ, ಆಕಾರ. 205 ಮಿಲಿಮೀಟರ್ ಟೈರಿನಲ್ಲಿ ಸುಮಾರು 9 ಸೆಂಟಿಮೀಟರ್ ಉದ್ದವಿದ್ದ ಅಚ್ಚು 245ರ ಟೈರಿನಲ್ಲಿ ಏಳೂವರೆ ಸೆಂಟಿಮೀಟರ್ ಆಸುಪಾಸಿಗೆ ಇಳಿದು, ಅಡ್ಡಕ್ಕೆ ಹರಡಿಕೊಳ್ಳುತ್ತದೆ.

ಈ ಆಕಾರ ಬದಲಾವಣೆ ಸಣ್ಣ ಸಂಗತಿಯಲ್ಲ. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ನೋಡುವ ದಿಕ್ಕು ಒಂದು, ಕಾರು ಸಾಗುವ ದಿಕ್ಕು ಇನ್ನೊಂದು. ಈ ಎರಡರ ನಡುವಿನ ಸಣ್ಣ ಕೋನದಿಂದಲೇ ಟೈರು ಅಡ್ಡಬಲವನ್ನು ಹುಟ್ಟಿಸುತ್ತದೆ. ಅಚ್ಚಿನ ಮುಂಭಾಗದ ರಬ್ಬರ್ ನೆಲವನ್ನು ಕಚ್ಚಿಕೊಂಡಿರುತ್ತದೆ. ಹಿಂದಕ್ಕೆ ಹೋದಂತೆ ಅದು ಹೆಚ್ಚು ಹೆಚ್ಚು ಬಾಗಿ, ಕೊನೆಯಲ್ಲಿ ಜಾರುತ್ತದೆ. ಅಚ್ಚು ಗಿಡ್ಡವೂ ಅಗಲವೂ ಆದಾಗ, ಮೇಲಿನ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಕೂಡ ಗಿಡ್ಡವಾಗಿದ್ದಾಗ, ಟೈರು ಕಡಿಮೆ ಕೋನದಲ್ಲೇ ಪೂರ್ಣ ಬಲ ಕೊಡುತ್ತದೆ. ಚಾಲಕನ ಕೈಗೆ ಅದು ಚುರುಕಾಗಿ ತಿರುಗುವ ಸ್ಟೀರಿಂಗ್ ಆಗಿ ಸಿಗುತ್ತದೆ.

ಘರ್ಷಣೆ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಎಂದು ಶಾಲೆಯ ಭೌತಶಾಸ್ತ್ರ ಹೇಳುತ್ತದೆ. ಮರ, ಲೋಹಗಳಿಗೆ ಅದು ಬಹುಮಟ್ಟಿಗೆ ಸರಿ. ರಬ್ಬರ್ ಆ ಪಾಠಕ್ಕೆ ಒಗ್ಗುವ ವಸ್ತುವಲ್ಲ. ಡಾಂಬರಿನ ಜಲ್ಲಿಯ ಮೊನೆಗಳು ರಬ್ಬರನ್ನು ಒತ್ತಿ ಒಳಗಿಳಿಯುತ್ತವೆ. ಒತ್ತಿಸಿಕೊಂಡ ರಬ್ಬರ್ ತಕ್ಷಣ ಹಿಂತಿರುಗದೆ ನಿಧಾನಿಸುತ್ತದೆ. ಈ ನಿಧಾನದಲ್ಲಿ ಕಳೆದುಹೋಗುವ ಶಕ್ತಿಯೇ ಹಿಡಿತದ ಒಂದು ಮೂಲ. ಒಣ ರಸ್ತೆಯಲ್ಲಿ ರಬ್ಬರಿನ ಅಣುಗಳು ನೆಲಕ್ಕೆ ಅಂಟಿಕೊಳ್ಳುವುದು ಇನ್ನೊಂದು ಮೂಲ. ಭಾರ ಎರಡರಷ್ಟಾದರೆ ರಬ್ಬರಿನ ಹಿಡಿತ ಎರಡರಷ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಹೆಚ್ಚುತ್ತದೆ. ತಿರುವಿನಲ್ಲಿ ಕಾರಿನ ಭಾರವೆಲ್ಲ ಹೊರಗಿನ ಎರಡು ಚಕ್ರಗಳ ಕಡೆ ವಾಲುವಾಗ ಈ ಕೊರತೆ ಎದ್ದು ಕಾಣುತ್ತದೆ. ಹೆಚ್ಚು ಭಾರ ತಾಳುವ ಅಗಲದ ಟೈರು ಅಲ್ಲಿ ನಷ್ಟವನ್ನು ತಗ್ಗಿಸುತ್ತದೆ.

ಆದರೆ ಅಗಲದ ದೊಡ್ಡ ಉಪಕಾರ ಬೇರೆಯೇ ಇದೆ: ಶಾಖವನ್ನು ಹಂಚುವುದು. ಮೆತ್ತನೆಯ ರಬ್ಬರ್ ಚೆನ್ನಾಗಿ ಹಿಡಿಯುತ್ತದೆ, ಬೇಗ ಕಾಯುತ್ತದೆ, ಬೇಗ ಸವೆಯುತ್ತದೆ. ಕಿರಿದಾದ ಟೈರಿಗೆ ಅಂಥ ರಬ್ಬರ್ ಬಳಸಿದರೆ ರೇಸ್ ಟ್ರ್ಯಾಕಿನ ನಾಲ್ಕಾರು ಸುತ್ತಿನಲ್ಲೇ ಅದು ಕಾದು ಜಾರತೊಡಗುತ್ತದೆ. ಅಗಲದ ಟೈರಿನಲ್ಲಿ ರಬ್ಬರೂ ಹೆಚ್ಚು, ಗಾಳಿಗೆ ತೆರೆದುಕೊಂಡ ಮೇಲ್ಮೈಯೂ ಹೆಚ್ಚು. ಮೆತ್ತನೆಯ ಕಾಂಪೌಂಡ್, ಅಂದರೆ ರಬ್ಬರ್ ಮಿಶ್ರಣ, ಅಲ್ಲಿ ಬಾಳುತ್ತದೆ. ಹಾಗಾಗಿ ಮೊದಲು ಆರಿಸಬೇಕಾದ್ದು ಕಾಂಪೌಂಡನ್ನು, ಆಮೇಲೆ ಅಗಲವನ್ನು. 225ರ ಸಾಧಾರಣ ಟೈರಿಗಿಂತ 205ರ ಒಳ್ಳೆಯ ಸ್ಪೋರ್ಟ್ಸ್ ಟೈರು ಕಾರನ್ನು ಬೇಗ ನಿಲ್ಲಿಸಬಲ್ಲದು. ಅಂಗಡಿಗಳಲ್ಲಿ ಮಾತ್ರ ಆಯ್ಕೆ ಬಹಳ ಸಲ ತಲೆಕೆಳಗಾಗಿ ನಡೆಯುತ್ತದೆ.

ಇದನ್ನೆಲ್ಲ ಪರೀಕ್ಷಿಸಿ ನೋಡಲು ದಕ್ಷಿಣ ಭಾರತದಲ್ಲಿ ಚೆನ್ನೈಗಿಂತ ತಕ್ಕ ಊರಿಲ್ಲ. 1946ರಲ್ಲಿ ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ಕೆ.ಎಂ. ಮಾಮ್ಮನ್ ಮಾಪಿಳ್ಳೈ ಆಟಿಕೆ ಬಲೂನು ತಯಾರಿಸಲು ಶುರುಮಾಡಿದ ಘಟಕವೇ ಮುಂದೆ ಮದ್ರಾಸ್ ರಬ್ಬರ್ ಫ್ಯಾಕ್ಟರಿ, ಅಂದರೆ ಎಂಆರ್‌ಎಫ್ ಆಯಿತು. ಅದರ ಟೈರು ತೊಟ್ಟ ತಂಡದ ಚಾಲಕ ಎಫ್ರೆನ್ ಯಾರೆನಾ 2022ರಲ್ಲಿ ಯುರೋಪಿಯನ್ ರ್‍ಯಾಲಿ ಚಾಂಪಿಯನ್ ಆದ. ಒರಗಡಂನಲ್ಲಿ ಅಪೋಲೊ, ತೇರ್ವಾಯ್ ಕಂಡಿಗೈಯಲ್ಲಿ ಮಿಷೆಲಿನ್ ಕಾರ್ಖಾನೆಗಳಿವೆ. ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ಮೊದಲು ಶೋಳಾವರಂನ ಹಳೆಯ ವಿಮಾನದ ಓಡುದಾರಿಯಲ್ಲಿ ರೇಸು ನಡೆಸುತ್ತಿತ್ತು. ಬೆಂಗಳೂರು–ಚೆನ್ನೈ ಹೆದ್ದಾರಿಯಲ್ಲಿ ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ 3.7 ಕಿಲೋಮೀಟರ್ ಉದ್ದದ ಅದರ ಸ್ವಂತ ಟ್ರ್ಯಾಕ್ 1990ರಲ್ಲಿ ತೆರೆಯಿತು. ಬೆಂಗಳೂರಿನ ಉತ್ಸಾಹಿಗಳು ಕಾರನ್ನು ಪೂರ್ಣ ವೇಗದಲ್ಲಿ ಓಡಿಸಿ ನೋಡಲು ಬರುವುದೂ ಇಲ್ಲಿಗೇ.

ಟ್ರ್ಯಾಕಿನಿಂದ ಒಳಬಂದ ಕಾರಿನ ಟೈರನ್ನು ಓದುವುದೇ ಒಂದು ವಿದ್ಯೆ. ಸೂಜಿಯಂಥ ಮೊನೆಯಿರುವ ತಾಪಮಾಪಕವನ್ನು ಬಿಸಿ ರಬ್ಬರಿಗೆ ಚುಚ್ಚಿ ಒಳ ಅಂಚು, ನಡು, ಹೊರ ಅಂಚು ಈ ಮೂರೂ ಕಡೆ ಅಳೆಯುತ್ತಾರೆ. ನಡುಭಾಗವೇ ಹೆಚ್ಚು ಕಾದಿದ್ದರೆ ಗಾಳಿ ಜಾಸ್ತಿಯಾಗಿದೆ. ಎರಡು ಅಂಚೂ ಕಾದು ನಡು ತಣ್ಣಗಿದ್ದರೆ ಗಾಳಿ ಸಾಲದು. ಹೊರ ಅಂಚೊಂದೇ ಕಾದಿದ್ದರೆ ತಿರುವಿನಲ್ಲಿ ಟೈರು ಆ ಅಂಚಿನ ಮೇಲೆ ಮಗುಚಿಕೊಳ್ಳುತ್ತಿದೆ ಎಂದರ್ಥ. ಚಕ್ರದ ತಲೆಯನ್ನು ಒಳಕ್ಕೆ ವಾಲಿಸಬೇಕು, ಅಂದರೆ ಕ್ಯಾಂಬರ್ ಸರಿಪಡಿಸಬೇಕು. ಟೈರು ಅಗಲವಾದಷ್ಟೂ ಈ ವಾಲಿಕೆಯ ತಪ್ಪು ದುಬಾರಿಯಾಗುತ್ತದೆ, ಏಕೆಂದರೆ ಅದರ ಒಂದು ಪಕ್ಕ ಸುಮ್ಮನೆ ನೆಲದಿಂದ ಎದ್ದಿರುತ್ತದೆ. ಗಾಳಿಯ ಲೆಕ್ಕವೂ ಹೀಗೆಯೇ. 30 ಡಿಗ್ರಿಯಲ್ಲಿ 32 ಪಿಎಸ್‌ಐ ತುಂಬಿದ ಟೈರಿನ ಒಳಗಾಳಿ 80 ಡಿಗ್ರಿಗೆ ಕಾದರೆ ಒತ್ತಡ 39ನ್ನು ದಾಟುತ್ತದೆ. ಟ್ರ್ಯಾಕಿಗೆ ಇಳಿಯುವವರು ತಣ್ಣಗಿದ್ದಾಗಲೇ ಗಾಳಿ ಇಳಿಸಿಕೊಳ್ಳುವುದು ಇದಕ್ಕೇ. ಮನೆಗೆ ಹೊರಡುವ ಮುನ್ನ ಅದನ್ನು ಮತ್ತೆ ತುಂಬಿಸದಿದ್ದರೆ ಹೆದ್ದಾರಿಯಲ್ಲಿ ಅಪಾಯ.

ಅಳತೆ ಆರಿಸುವಾಗ ಟೈರಿನ ಪಕ್ಕದ ಬರಹವೇ ದಾರಿ. 205/55 ಆರ್16 ಎಂದರೆ ಅಗಲ 205 ಮಿಲಿಮೀಟರ್, ಸೈಡ್‌ವಾಲ್‌ನ ಎತ್ತರ ಅದರ ಶೇಕಡ 55, ರಿಮ್ಮಿನ ವ್ಯಾಸ 16 ಇಂಚು. ಇದರ ಒಟ್ಟು ವ್ಯಾಸ ಸುಮಾರು 632 ಮಿಲಿಮೀಟರ್. ಇದರ ಬದಲು 225/45 ಆರ್17 ಹಾಕಿದರೆ ವ್ಯಾಸ 634, ಎರಡೇ ಮಿಲಿಮೀಟರ್ ವ್ಯತ್ಯಾಸ. ಸ್ಪೀಡೋಮೀಟರ್, ಎಬಿಎಸ್ ಯಾವುದಕ್ಕೂ ತೊಂದರೆಯಿಲ್ಲ. ಮೂಲದ 16 ಇಂಚಿನ ರಿಮ್ಮಿಗೇ 225/55 ಆರ್16 ಏರಿಸಿದರೆ ವ್ಯಾಸ 654ಕ್ಕೆ ಹೋಗುತ್ತದೆ. ಮಾಪಕ 100 ತೋರಿಸುವಾಗ ಕಾರು ಮೊದಲಿಗಿಂತ ಶೇಕಡ ಮೂರೂವರೆ ವೇಗವಾಗಿ ಓಡುತ್ತಿರುತ್ತದೆ, ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜಲೂಬಹುದು.

ಹೆಚ್ಚಿನವರು ಎಡವುವುದು ರಿಮ್ಮಿನ ಅಗಲದಲ್ಲಿ. 225/45 ಆರ್17ಕ್ಕೆ 7ರಿಂದ 8.5 ಇಂಚು, 245/40 ಆರ್17ಕ್ಕೆ 8ರಿಂದ 9.5 ಇಂಚು ಅಗಲದ ರಿಮ್ ಬೇಕು. ಏಳು ಇಂಚಿನ ರಿಮ್ಮಿಗೆ 245ನ್ನು ತುರುಕಿದರೆ ಸೈಡ್‌ವಾಲ್ ಉಬ್ಬಿ ನಿಲ್ಲುತ್ತದೆ, ತಿರುವಿನಲ್ಲಿ ತೊನೆಯುತ್ತದೆ. ಕೊಟ್ಟ ಹಣಕ್ಕೆ ಸಿಗುವುದು ಮೊದಲಿಗಿಂತ ಮಂದವಾದ ಸ್ಟೀರಿಂಗ್. ಭಾರದ ಸೂಚ್ಯಂಕ ಮೂಲ ಟೈರಿಗಿಂತ ಕಡಿಮೆ ಇರಕೂಡದು: 91 ಎಂದರೆ ಒಂದು ಟೈರು ಹೊರುವ ಭಾರ 615 ಕಿಲೋ, 94 ಎಂದರೆ 670. ಅದರ ಪಕ್ಕದ ವೇಗದ ಅಕ್ಷರಕ್ಕೂ ಇದೇ ನಿಯಮ. ವಿ ಗಂಟೆಗೆ 240 ಕಿಲೋಮೀಟರಿಗೆ, ಡಬ್ಲ್ಯು 270ಕ್ಕೆ, ವೈ 300ಕ್ಕೆ.

ಚೆನ್ನೈಯಲ್ಲಿ ವರ್ಷಕ್ಕೆ ಬೀಳುವ ಸುಮಾರು 1,400 ಮಿಲಿಮೀಟರ್ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲೇ ಸುರಿಯುತ್ತದೆ. ಅಗಲದ ಟೈರಿನ ದೌರ್ಬಲ್ಯ ಹೊರಬೀಳುವುದು ಆಗ. ನಿಂತ ನೀರನ್ನು ಟೈರು ಪಕ್ಕಕ್ಕೆ ತಳ್ಳಬೇಕು. ಅಗಲ ಹೆಚ್ಚಿದಷ್ಟೂ ತಳ್ಳಬೇಕಾದ ನೀರು ಹೆಚ್ಚು, ಗಿಡ್ಡ ಅಚ್ಚಿನಲ್ಲಿ ಅದಕ್ಕೆ ಸಿಗುವ ಸಮಯ ಕಡಿಮೆ. ನೀರು ಹೊರಹೋಗದಿದ್ದರೆ ಟೈರು ಅದರ ಮೇಲೆ ತೇಲುತ್ತದೆ, ಸ್ಟೀರಿಂಗೂ ಬ್ರೇಕೂ ಒಟ್ಟಿಗೇ ಕೈಕೊಡುತ್ತವೆ. 1960ರ ದಶಕದಲ್ಲಿ ನಾಸಾ ಸಂಶೋಧಕರು ವಿಮಾನದ ಟೈರುಗಳಿಗಾಗಿ ಕಂಡುಕೊಂಡ ಸೂತ್ರದಂತೆ 32 ಪಿಎಸ್‌ಐ ಒತ್ತಡದಲ್ಲಿ ಈ ತೇಲುವಿಕೆ ಗಂಟೆಗೆ 94 ಕಿಲೋಮೀಟರಿನ ಸುಮಾರಿಗೆ ಆರಂಭವಾಗಬೇಕು. ಕಾರಿನಲ್ಲಿ ಟ್ರೆಡ್ಡಿನ ಆಳ, ಕಾಲುವೆಗಳ ವಿನ್ಯಾಸ, ನೀರಿನ ಮಟ್ಟ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸವೆದ ಅಗಲದ ಟೈರು ಇದಕ್ಕಿಂತ ಬೇಗ ತೇಲಬಹುದು. ಭಾರತದಲ್ಲಿ ಕಾನೂನು ಕೇಳುವುದು 1.6 ಮಿಲಿಮೀಟರ್ ಆಳ. ಈಸ್ಟ್ ಕೋಸ್ಟ್ ರೋಡಿನಲ್ಲಿ ನವೆಂಬರಿನ ಮಳೆಗೆ ಸಿಕ್ಕುವ ಕಾರಿಗೆ ಅಷ್ಟು ಸಾಲದು. 3 ಮಿಲಿಮೀಟರಿಗೆ ಇಳಿದಾಗಲೇ ಟೈರು ಬದಲಾಯಿಸುವುದು ಒಳ್ಳೆಯದು. ಟ್ರ್ಯಾಕಿಗೆಂದೇ ಮಾಡಿದ, ಕಾಲುವೆ ಕಡಿಮೆಯಿರುವ ಟೈರುಗಳನ್ನು ಈ ಮೂರು ತಿಂಗಳು ಬಿಚ್ಚಿಡಬೇಕು.

ಮುಂದೆ ಹಿಂದೆ ಬೇರೆ ಬೇರೆ ಅಗಲ ಹಾಕುವುದಾದರೆ ಕಾರಿನ ಸ್ವಭಾವವೇ ಬದಲಾಗುತ್ತದೆ. ಹಿಂದಿನ ಚಕ್ರ ತಳ್ಳುವ ಬಲಶಾಲಿ ಕಾರುಗಳಿಗೆ ತಯಾರಕರೇ ಹಿಂದೆ ಅಗಲದ ಟೈರು ಕೊಡುತ್ತಾರೆ. ವೇಗ ಹೆಚ್ಚಿಸುವಾಗ ಕಾರಿನ ಬಾಲ ಹೊರಳದಿರಲೆಂದು. ಮುಂದಿನ ಚಕ್ರ ಎಳೆಯುವ ಕಾರಿಗೆ ನೋಟ ಚೆನ್ನಾಗಿರಲೆಂದು ಹಿಂದೆ ಮಾತ್ರ ಅಗಲ ಮಾಡಿದರೆ, ಮುಂಭಾಗ ತಿರುವಿನಲ್ಲಿ ನೇರಕ್ಕೇ ಸರಿದುಕೊಂಡು ಹೋಗುವ ಚಾಳಿ ಬಲಿಯುತ್ತದೆ. ಇಂಥ ಕಾರಿಗೆ ನಾಲ್ಕೂ ಒಂದೇ ಅಳತೆಯಿರಬೇಕು.

ಕೊನೆಗೆ ನೋಡಬೇಕಾದ್ದು ಟೈರಿನ ವಯಸ್ಸು. 2020ರ ಜೂನ್‌ನಿಂದ ಟೈರು ಆಮದಿಗೆ ಪರವಾನಗಿ ಬೇಕಾಗಿರುವುದರಿಂದ ಅಪರೂಪದ ಅಳತೆಯ ಸ್ಪೋರ್ಟ್ಸ್ ಟೈರುಗಳು ಸಲೀಸಾಗಿ ಸಿಗುವುದಿಲ್ಲ. ಸಿಕ್ಕಿದ್ದು ಹಳೆಯ ದಾಸ್ತಾನೂ ಆಗಿರಬಹುದು. ಸೈಡ್‌ವಾಲ್ ಮೇಲೆ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 3524 ಎಂದಿದ್ದರೆ ಅದು 2024ರ 35ನೇ ವಾರದಲ್ಲಿ ತಯಾರಾದ ಟೈರು. ಚೆನ್ನೈನ ಬಿಸಿಲಿನಲ್ಲಿ ತಗಡಿನ ಮಾಡಿನಡಿ ವರ್ಷಗಟ್ಟಲೆ ಕಾದ ಮೆತ್ತನೆಯ ಕಾಂಪೌಂಡ್ ಒಂದು ಕಿಲೋಮೀಟರೂ ಓಡದೆ ಗಟ್ಟಿಯಾಗಿರುತ್ತದೆ. ಟ್ರೆಡ್ ಹೊಸದಾಗಿಯೇ ಕಾಣುವುದರಿಂದ, ಅಂಕಿ ಓದದೆ ಇದು ಗೊತ್ತಾಗುವುದಿಲ್ಲ.