ತುಟಿಗೂ ತುತ್ತೂರಿಗೂ ನಡುವೆ

ಮದುವೆಯ ಮೆರವಣಿಗೆ ಬೀದಿಯಲ್ಲಿ ಸಾಗುವಾಗ ನಾವೆಲ್ಲ ಬ್ಯಾಂಡಿನವರ ಕೆಂಪು ಅಂಗಿಯನ್ನು ನೋಡುತ್ತೇವೆ, ಬಿಸಿಲಿಗೆ ಹೊಳೆಯುವ ತುತ್ತೂರಿಯನ್ನು ನೋಡುತ್ತೇವೆ. ಆ ತುತ್ತೂರಿಯ ತುದಿಗೆ ಸಿಕ್ಕಿಸಿದ, ಊದುವವನ ತುಟಿಗೆ ಸದಾ ಒತ್ತಿಕೊಂಡಿರುವ ಮೂರೂವರೆ ಅಂಗುಲದ ಚಿಕ್ಕ ವಸ್ತುವೊಂದಿದೆಯಲ್ಲ, ಅದನ್ನು ಯಾರೂ ನೋಡುವುದಿಲ್ಲ. ಬ್ಯಾಂಡಿನವರು ಅದನ್ನು ಮೌತ್‌ಪೀಸು ಎನ್ನುತ್ತಾರೆ. ನಾನು ಮಾತನಾಡಬೇಕೆಂದಿರುವುದು ಅದರ ವಿಷಯವನ್ನೇ. ಇಂಥ ಅಲ್ಪ ವಸ್ತುವಿಗೆ ಇಷ್ಟು ಹೊತ್ತಿನ ಮಾತೇ ಎಂದು ಕೇಳುಗರು ಹುಬ್ಬೇರಿಸಬಾರದು. ಅದರ ಆಯ್ಕೆಯಲ್ಲಿ ಎಡವಿ ನಾನು ಎರಡು ತಿಂಗಳು ಮೂಕನಾಗಿದ್ದೆ.

ನಾನು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು. ಅದಕ್ಕೆ ಮೊದಲು, ಕಾಲೇಜಿನ ದಿನಗಳಲ್ಲಿ, ಕೊಟ್ಟೂರಿನ ಒಂದು ಬ್ಯಾಂಡ್ ಮೇಳದಲ್ಲಿ ತುತ್ತೂರಿ ಊದುತ್ತಿದ್ದೆ. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಎಲ್ಲಿ ಲಗ್ನವಿದ್ದರೂ ನಮ್ಮ ಮೇಳ ಹೋಗುತ್ತಿತ್ತು. ಈಗ ಈ ಊರುಗಳೆಲ್ಲ ವಿಜಯನಗರ ಜಿಲ್ಲೆಗೆ ಸೇರಿವೆ. ಬಿಸಿಲು ಮಾತ್ರ ಜಿಲ್ಲೆ ಬದಲಾಯಿತೆಂದು ಬದಲಾಗಿಲ್ಲ. ವೈಶಾಖದ ಲಗ್ನಸರಿಯಲ್ಲಿ ಹಿತ್ತಾಳೆಯ ಅಂಚು ತುಟಿಯನ್ನು ಸುಡುತ್ತಿತ್ತು. ಮಾಘದ ಜಾತ್ರೆಯ ಬೆಳಗಿನ ಜಾವ ಅದೇ ಅಂಚು ಮಂಜುಗಡ್ಡೆಯಂತಿರುತ್ತಿತ್ತು.

ಜಾಜ್ ಎಂಬುದು ನನ್ನ ಕಿವಿಗೆ ಬಿದ್ದದ್ದು ರೇಡಿಯೊದಿಂದ. ‘ವಾಯ್ಸ್ ಆಫ್ ಅಮೆರಿಕ’ದಲ್ಲಿ ವಿಲ್ಲಿಸ್ ಕಾನೋವರ್ ಎಂಬವರು 1955ರಲ್ಲಿ ಆರಂಭಿಸಿದ ಜಾಜ್ ಕಾರ್ಯಕ್ರಮವನ್ನು 1996ರಲ್ಲಿ ತಾವು ತೀರಿಕೊಳ್ಳುವವರೆಗೂ ನಡೆಸಿಕೊಂಡು ಬಂದರು. ಇಂಗ್ಲಿಷ್ ತಾಯ್ನುಡಿಯಲ್ಲದವರಿಗೂ ತಿಳಿಯಲೆಂದು ಅವರು ಒಂದೊಂದೇ ಮಾತನ್ನು ಬಿಡಿಸಿ ಆಡುತ್ತಿದ್ದರು. ರಾತ್ರಿ ಹೊತ್ತು ಶಾರ್ಟ್‌ವೇವಿನ ಗರಗರದ ನಡುವೆ ಅಲೆಯಂತೆ ಏರಿ ಇಳಿಯುತ್ತ ಬರುತ್ತಿದ್ದ ಆ ತುತ್ತೂರಿಯನ್ನು ಕೇಳಿ, ನಾನು ಹಗಲು ಊದುವ ತುತ್ತೂರಿಯೂ ಇದೇ ಜಾತಿಯದೆ ಎಂದು ಬೆರಗಾಗುತ್ತಿದ್ದೆ.

ಬೆರಗಾಗಬೇಕಾದದ್ದು ಬೇರೊಂದು ಎಂದು ಆಮೇಲೆ ತಿಳಿಯಿತು. ಗೋವೆಯ ಆಂಟೋನಿಯೊ ಕ್ಸೇವಿಯರ್ ವಾಝ್ (1916–1967) ‘ಚಿಕ್ ಚಾಕೊಲೇಟ್’ ಎಂಬ ಹೆಸರಿನಲ್ಲಿ ಮುಂಬಯಿಯ ಜಾಜ್ ತುತ್ತೂರಿಗಾರರಾಗಿದ್ದರು. ಲೂಯಿ ಆರ್ಮ್‌ಸ್ಟ್ರಾಂಗರ ಶೈಲಿಯನ್ನು ಅನುಸರಿಸಿದ ಇವರು ಸಿ. ರಾಮಚಂದ್ರರ ಸಂಗೀತದ ‘ಅಲ್ಬೇಲಾ’ (1951) ಚಿತ್ರದ ಹಾಡುಗಳಲ್ಲಿಯೂ ಇದ್ದಾರೆ. ನಮ್ಮ ಮೇಳದ ಹಿರಿಯರು ವರಪೂಜೆಯ ಮೆರವಣಿಗೆಯಲ್ಲಿ ‘ಅಲ್ಬೇಲಾ’ದ ಹಾಡುಗಳನ್ನು ಊದುತ್ತಿದ್ದರು. ಅಂದರೆ ಜಾಜಿನ ಬಳುಕುಗಳು ನಮ್ಮ ಬೀದಿಗೆ ಆಗಲೇ ಬಂದಿದ್ದವು, ಹೆಸರು ಹೇಳಿಕೊಳ್ಳದೆ.

ಇನ್ನು ಮೌತ್‌ಪೀಸಿನ ವಿಚಾರ. ತುತ್ತೂರಿಯಲ್ಲಿ ನಾದ ಹುಟ್ಟುವುದು ಹಿತ್ತಾಳೆಯಲ್ಲಲ್ಲ, ತುಟಿಯಲ್ಲಿ. ಶಹನಾಯಿಯಲ್ಲಿ ಜೊಂಡಿನ ಎಸಳು ನಡುಗುವಂತೆ ಇಲ್ಲಿ ಊದುವವನ ತುಟಿಯೇ ನಡುಗುತ್ತದೆ. ನಮ್ಮ ಕೊಂಬು, ಕಹಳೆಗಳ ಗುಟ್ಟೂ ಇದೇ. ಎಸಳು ಸವೆದರೆ ಶಹನಾಯಿಯವನು ಬೇರೆಯದನ್ನು ಸಿಕ್ಕಿಸಿಕೊಂಡಾನು. ತುತ್ತೂರಿಯವನಿಗೆ ಬದಲಿ ತುಟಿ ಎಲ್ಲಿಂದ ಬರಬೇಕು? ಈ ತುಟಿಗೆ ಒರಗಿಕೊಳ್ಳಲು ಮೌತ್‌ಪೀಸಿನ ದುಂಡನೆಯ ಅಂಚು, ಅಂಚಿನೊಳಗೆ ಬಟ್ಟಲು, ಬಟ್ಟಲಿನ ತಳದಲ್ಲಿ ಸುಮಾರು 3.7 ಮಿಲಿಮೀಟರಿನ ಕಿರಿದಾದ ಕಂಠ; ಅಲ್ಲಿಂದ ಮೆಲ್ಲಗೆ ಅಗಲವಾಗುತ್ತ ವಾದ್ಯದೊಳಗೆ ಸೇರುವ ಹಿಂಗೊಳವೆ.

ಬಟ್ಟಲು ಆಳವಾಗಿದ್ದರೆ ಅದರಲ್ಲಿ ಹಿಡಿಯುವ ಗಾಳಿ ಹೆಚ್ಚು. ನಾದ ಗಂಭೀರವಾಗಿ, ದುಂಡಗೆ ಬರುತ್ತದೆ. ಬಟ್ಟಲು ತೆಳುವಾಗಿದ್ದರೆ ಮೇಲಿನ ಅನುಸ್ವರಗಳಿಗೆ ಬಲ ಬಂದು ನಾದ ಚೂಪಾಗುತ್ತದೆ, ತಾರಸ್ಥಾಯಿ ಕೈಗೆಟುಕಿದಂತೆ ತೋರುತ್ತದೆ. ಮೌತ್‌ಪೀಸನ್ನು ಕೈಯಲ್ಲಿ ಹಿಡಿದು ಅದರ ಬಾಯಿಗೆ ಅಂಗೈಯಿಂದ ಮೆಲ್ಲಗೆ ಹೊಡೆದರೆ ‘ಪೊಕ್’ ಎನ್ನುತ್ತದೆ. ತೆಳುಬಟ್ಟಲಿನ ‘ಪೊಕ್’ ಎತ್ತರದ ಶ್ರುತಿಯದು, ಆಳದ್ದು ತಗ್ಗಿನ ಶ್ರುತಿಯದು. ಮನೆಯಲ್ಲಿ ಮೌತ್‌ಪೀಸಿಲ್ಲದವರು ಚಿಕ್ಕ ಬಾಟಲಿ, ದೊಡ್ಡ ಬಾಟಲಿಗಳ ಬಾಯಿ ತಟ್ಟಿ ಇದನ್ನು ಪರೀಕ್ಷಿಸಿಕೊಳ್ಳಬಹುದು.

ಅಂಗಡಿಗಳಲ್ಲಿ ಕಾಣುವ ಅಂಕಿಗಳದು ಇನ್ನೊಂದು ಕಥೆ. ಆಸ್ಟ್ರಿಯದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ವಿನ್ಸೆಂಟ್ ಬಾಕ್ ಎಂಬ ತುತ್ತೂರಿಗಾರ, ರಿಪೇರಿಯವನೊಬ್ಬ ತನ್ನ ಮೌತ್‌ಪೀಸನ್ನು ಕೆಡಿಸಿದನೆಂಬ ಸಿಟ್ಟಿಗೆ ತಾನೇ ಕಡೆಯಲು ಕುಳಿತನೆನ್ನುತ್ತಾರೆ. 1918ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಆ ಕಸುಬು ಲೋಕಕ್ಕೆ ಒಂದು ಲೆಕ್ಕವನ್ನು ಕೊಟ್ಟಿತು. ವಿಚಿತ್ರವೆಂದರೆ ಅವನ ಕ್ರಮದಲ್ಲಿ ಅಂಕಿ ಚಿಕ್ಕದಾದಷ್ಟೂ ಬಟ್ಟಲು ಅಗಲ. ‘ಎ’ ಎಂದರೆ ಬಹಳ ಆಳ, ‘ಸಿ’ ನಡುಮಟ್ಟ, ‘ಇ’ ತೆಳು. ಕಲಿಯುವವರಿಗೆ ಸಾಮಾನ್ಯವಾಗಿ ಸಿಗುವ ‘7ಸಿ’ಯ ಅಗಲ 16.2 ಮಿಲಿಮೀಟರು, ‘3ಸಿ’ಯದು 16.3. ಒಂದು ಕೂದಲಿನ ದಪ್ಪದಷ್ಟು ವ್ಯತ್ಯಾಸ! ಆದರೂ ತುಟಿಗೆ ಅದು ಗೊತ್ತಾಗುತ್ತದೆ. ನಮ್ಮ ಮೇಳಕ್ಕೆ ಮೀರತ್ತಿನಿಂದ ಬರುತ್ತಿದ್ದ ತುತ್ತೂರಿಗಳ ಮೌತ್‌ಪೀಸಿನ ಮೇಲೆ ಅಂಕಿಯೂ ಇರಲಿಲ್ಲ, ಅಕ್ಷರವೂ ಇರಲಿಲ್ಲ. ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ನಾವು ಅವುಗಳನ್ನು ‘ಗಿಡ್ಡ’, ‘ಮೊಂಡ’ ಎಂದು ಕರೆದು ಗುರುತಿಟ್ಟುಕೊಳ್ಳುತ್ತಿದ್ದೆವು.

1979ರ ಬೇಸಿಗೆಗೆ ಮುಂಚೆ ಬೆಂಗಳೂರಿಗೆ ಹೋದಾಗ ಒಂದು ಅಂಗಡಿಯಲ್ಲಿ ‘ಇದೇ ಜಾಜ್ ಪೀಸು’ ಎಂದು ತೆಳುಬಟ್ಟಲಿನದೊಂದನ್ನು ತೋರಿಸಿದರು. ಹತ್ತು ನಿಮಿಷ ಊದಿದೆ. ಹಿಂದೆಂದೂ ಮುಟ್ಟದ ಸ್ವರ ಮುಟ್ಟಿತು. ಒಂದು ತಿಂಗಳ ಸಂಪಾದನೆ ಕೊಟ್ಟು ತಂದೆ. ಹಗರಿಬೊಮ್ಮನಹಳ್ಳಿಯ ಮದುವೆಯಲ್ಲಿ ಜನ ತಿರುಗಿ ತಿರುಗಿ ನೋಡಿದರು. ನನಗೆ ನೆಲ ಕಾಣಲಿಲ್ಲ. ಮೂರನೆಯ ಮದುವೆ ಹರಪನಹಳ್ಳಿಯಲ್ಲಿ. ಮೆರವಣಿಗೆ ಎರಡು ತಾಸು ನಡೆದು ಹೆಣ್ಣಿನ ಮನೆಯ ಮುಂದೆ ನಿಂತಾಗ, ಹಾಡಿನ ನಡುವೆ ನನ್ನ ತುತ್ತೂರಿಯಿಂದ ಬರಿಯ ಗಾಳಿ ಬಂತು. ಇನ್ನೊಮ್ಮೆ ಊದಿದೆ, ಅದೂ ಇಲ್ಲ. ಬೀಗರು ಮುಖ ಮುಖ ನೋಡಿಕೊಂಡರು. ಮೇಳದ ಮೇಷ್ಟ್ರು ಏನೂ ಆಗಲಿಲ್ಲವೆಂಬಂತೆ ಕ್ಲಾರಿನೆಟ್ ಎತ್ತಿಕೊಂಡು ಉಳಿದ ಹಾಡನ್ನು ಮುಗಿಸಿದರು.

ನಡೆದದ್ದು ಇಷ್ಟು: ಬಹಳ ಹೊತ್ತು ಊದಿದಾಗ ತುಟಿ ಬಾತುಕೊಳ್ಳುತ್ತದೆ. ಬಾತ ತುಟಿ ಅಂಚಿನ ಒಳಗೆ ತೂರಿ ತೆಳುಬಟ್ಟಲಿನ ತಳವನ್ನು ಮುಟ್ಟಿದರೆ ನಡುಗಲು ಎಡೆಯೇ ಇರುವುದಿಲ್ಲ. ನಾದ ಬಾರದೆಂದು ಒತ್ತಿದಷ್ಟೂ ರಕ್ತ ನಿಂತು ತುಟಿ ಇನ್ನಷ್ಟು ಜಡವಾಗುತ್ತದೆ. ರಾತ್ರಿ ಬಸ್ ನಿಲ್ದಾಣದಲ್ಲಿ ಕುಳಿತಿದ್ದಾಗ ಮೇಷ್ಟ್ರು ಅದನ್ನು ಕೈಯಲ್ಲಿ ಹೊರಳಿಸಿ ನೋಡಿದರು.

‘ಎಷ್ಟೊತ್ತು ಊದಿ ನೋಡಿ ತಗಂಡ್ಯಪಾ?’

‘ಹತ್ತು ನಿಮಿಷ, ಮೇಷ್ಟ್ರೆ. ಅಂಗಡಿಯಾಗ ಎರಡು ತಾಸು ಯಾರು ಊದಾಕ ಬಿಡ್ತಾರ್ರಿ?’

‘ಎತ್ತು ಕೊಳ್ಳಾಗ ಹೊಲದಾಗ ನಾಕು ಸಾಲು ಹೊಡೆದು ನೋಡಲ್ಲೇನು? ಮೆರವಣಿಗಿ ನಿಂದು ತಮ್ಮಾ, ಅಂಗಡಿಯೋರ್ದಲ್ಲ.’

ತುಟಿಯ ಒಳಭಾಗ ಒಡೆದು ಎರಡು ತಿಂಗಳು ಊದಬಾರದೆಂದಾಯಿತು. ಲಗ್ನಸರಿಯ ಆದಾಯವಷ್ಟೂ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಮತ್ತೆ ಊದುವೆನೋ ಇಲ್ಲವೋ ಎಂಬ ಭಯ. ತಾರಸ್ಥಾಯಿಯ ದೊರೆ ಎನಿಸಿದ ಆರ್ಮ್‌ಸ್ಟ್ರಾಂಗರೇ 1930ರ ದಶಕದಲ್ಲಿ ತುಟಿ ಕೆಟ್ಟು ತಿಂಗಳುಗಟ್ಟಲೆ ತುತ್ತೂರಿ ಕೆಳಗಿಡಬೇಕಾಗಿತ್ತೆಂದು ಎಷ್ಟೋ ವರ್ಷಗಳ ಮೇಲೆ ಓದಿದಾಗ, ಸಮಾಧಾನವಾಯಿತೆಂದು ಹೇಳಲು ನಾಚಿಕೆಯಾಗುತ್ತದೆ. ಆದರೆ ಆದದ್ದು ನಿಜ.

ಹಾಗಾದರೆ ಜಾಜಿಗೆ ಯಾವುದು ಸರಿ? ‘ಜಾಜ್ ಪೀಸು’ ಎಂಬುದೇ ಇಲ್ಲವೆಂದು ಈಗ ಧೈರ್ಯವಾಗಿ ಹೇಳಬಲ್ಲೆ. ಹದಿನೈದಿಪ್ಪತ್ತು ಜನರ ದೊಡ್ಡ ಮೇಳದಲ್ಲಿ ಎಲ್ಲರ ಮೇಲೆ ತನ್ನ ದನಿ ನಿಲ್ಲಿಸಬೇಕಾದ ಮೊದಲ ತುತ್ತೂರಿಯವನು ತೆಳುಬಟ್ಟಲನ್ನು ಹಿಡಿಯುತ್ತಾನೆ. ಅದಕ್ಕೆ ತಕ್ಕ ಸಾಧನೆಯೂ ಅವನಿಗಿರುತ್ತದೆ. ನಾಲ್ಕೈದು ಜನರ ಚಿಕ್ಕ ಮೇಳದಲ್ಲಿ ಮನೋಧರ್ಮವನ್ನು ಬಿಡಿಸುತ್ತ ಹೋಗುವವನಿಗೆ ಬೇಕಾದದ್ದು ಬೇರೆ. ಮೈಲ್ಸ್ ಡೇವಿಸ್ ಊದುತ್ತಿದ್ದ ‘ಹೈಮ್’ ಮೌತ್‌ಪೀಸಿನ ಬಟ್ಟಲು ಆಳವಾಗಿ, ಲಾಳಿಕೆಯಂತೆ ಇಳಿಜಾರಾಗಿತ್ತು. ಕಿವಿಯ ಹತ್ತಿರ ಬಂದು ಮಾತನಾಡುವಂಥ ಅವರ ನಾದದಲ್ಲಿ ಅದರ ಪಾಲೂ ಇರಬೇಕು.

ನಮ್ಮವರಿಗೆ ಇನ್ನೊಂದು ಅಗತ್ಯವುಂಟು. ಗಮಕವಿಲ್ಲದ ಹಾಡು ನಮ್ಮ ಕಿವಿಗೆ ಉಪ್ಪಿಲ್ಲದ ಅಡುಗೆ. ತುತ್ತೂರಿಯಲ್ಲಿ ಸ್ವರವನ್ನು ಜಾರಿಸಬೇಕಾದರೆ ಕೀಲಿಯನ್ನು ಅರ್ಧ ಒತ್ತಿ, ಉಳಿದುದನ್ನು ತುಟಿಯಿಂದಲೇ ಬಾಗಿಸಬೇಕು. ಅಂಚು ತೀರ ಅಗಲವಾಗಿದ್ದರೆ ತುಟಿಗೆ ಆಸರೆಯೇನೋ ಸಿಗುತ್ತದೆ, ಆದರೆ ಆಡಲು ಬಿಡುವುದಿಲ್ಲ. ತೀರ ಕಿರಿದಾದರೆ ಕಚ್ಚುತ್ತದೆ. ನನ್ನ ಅನುಭವದಲ್ಲಿ ನಡುಮಟ್ಟದ ಬಟ್ಟಲಿನ, ಒಳ ಅಂಚು ಚೂಪಿಲ್ಲದೆ ದುಂಡಗಿರುವ ಮೌತ್‌ಪೀಸಿನಲ್ಲಿ ಈ ಬಾಗು ಸುಖವಾಗಿ ಬರುತ್ತದೆ. ಜಾಜಿನವರ ಜಾರುಸ್ವರಕ್ಕೆ ಬೇಕಾದದ್ದೂ ಹೆಚ್ಚು ಕಡಿಮೆ ಇದೇ. ಬೆಳ್ಳಿಯ ಲೇಪ ಸವೆದು ಹಿತ್ತಾಳೆ ಕಾಣತೊಡಗಿದ್ದನ್ನು ಮಾತ್ರ ಎಷ್ಟು ಅಗ್ಗವಾದರೂ ಕೊಳ್ಳಬಾರದು. ಅದು ಕೆಲವರ ತುಟಿಗೆ ತುರಿಕೆ ತರುತ್ತದೆ.

ಕಳೆದ ತಿಂಗಳು ಕೂಡ್ಲಿಗಿ ಕಡೆಯ ಹುಡುಗನೊಬ್ಬ ಬಂದಿದ್ದ. ಮದುವೆ ಬ್ಯಾಂಡಿನಲ್ಲಿ ಬೆಳೆದವನು, ಬೆಂಗಳೂರಿನಲ್ಲಿ ಜಾಜ್ ನುಡಿಸುವ ಗೆಳೆಯರ ಜೊತೆ ಸೇರಬೇಕೆಂದಿದ್ದಾನೆ. ಮೂರು ಮೌತ್‌ಪೀಸುಗಳನ್ನು ಎರವಲು ತಂದು, ‘ಯಾವ್ದು ತಗಳ್ಳಿ ಸಾರ್?’ ಎಂದು ಕೇಳಿದ. ಉತ್ತರ ಹೇಳಲಿಲ್ಲ. ಊಟಕ್ಕೆ ಮುಂಚೆ ಒಂದೂವರೆ ತಾಸು ಅವನಿಗೆ ಗೊತ್ತಿದ್ದ ಹಾಡನ್ನೆಲ್ಲ ಊದಿಸಿದೆ. ತುಟಿ ಸೋತ ಮೇಲೆ ಮೂರನ್ನೂ ಒಂದೊಂದಾಗಿ ಹಾಕಿ, ಮಧ್ಯಸ್ಥಾಯಿಯ ಒಂದೇ ಸ್ವರವನ್ನು ಎಷ್ಟು ಮೆಲ್ಲಗೆ ಆಗುತ್ತದೋ ಅಷ್ಟು ಮೆಲ್ಲಗೆ ಹಿಡಿಯೆಂದೆ. ಎರಡರಲ್ಲಿ ಸ್ವರ ಒಡೆಯಿತು. ಮೂರನೆಯದರಲ್ಲಿ, ಅವನು ಕೊಳ್ಳಲೇಬಾರದೆಂದುಕೊಂಡಿದ್ದ ಹಳೆಯ ‘7ಸಿ’ಯಲ್ಲಿ, ನಿಂತಿತು. ಹುಡುಗನ ಮುಖ ಸ್ವಲ್ಪ ಸಪ್ಪಗಾಯಿತು. ಆರು ತಿಂಗಳು ಅದನ್ನೇ ಊದಿ ಬಾ, ಆಮೇಲೆ ನೋಡೋಣ ಎಂದು ಹೇಳಿ ಊಟಕ್ಕೆ ಎಬ್ಬಿಸಿದೆ.