ಜುಲ್ಫಾದ ಶಿಲುಬೆಗಲ್ಲುಗಳು: ನಾಶ ಮತ್ತು ದಾಖಲೆ

ಅರಾಸ್ ನದಿಯ ಉತ್ತರ ದಡದಲ್ಲಿ, ಅಜರ್‌ಬೈಜಾನಿಗೆ ಸೇರಿದ ನಖಿಚೆವಾನ್ ಸ್ವಾಯತ್ತ ಪ್ರಾಂತದಲ್ಲಿ, ಜುಲ್ಫಾ ಎಂಬ ಊರಿದೆ. ಅರ್ಮೇನಿಯನ್ನರು ಇದನ್ನು ಜುಘಾ ಎನ್ನುತ್ತಾರೆ. ನದಿಯ ಆಚೆಯ ದಡ ಇರಾನಿನದು. ರೇಷ್ಮೆ ವ್ಯಾಪಾರದಿಂದ ಸಂಪನ್ನವಾಗಿದ್ದ ಈ ಪಟ್ಟಣದ ಅರ್ಮೇನಿಯನ್ನರನ್ನು ಪರ್ಷಿಯಾದ ಷಾ ಅಬ್ಬಾಸನು 1604-05ರಲ್ಲಿ ಬಲವಂತವಾಗಿ ಇಸ್ಫಹಾನಿಗೆ ಸಾಗಿಸಿದನು. ಅಲ್ಲಿ ನೆಲೆಗೊಂಡ ಹೊಸ ಜುಲ್ಫಾದ ವರ್ತಕರೇ ಮುಂದೆ ಸೂರತ್, ಮದರಾಸು, ಕಲ್ಕತ್ತೆಗಳಿಗೂ ಬಂದರು. ಅರ್ಮೇನಿಯನ್ ಭಾಷೆಯ ಮೊದಲ ನಿಯತಕಾಲಿಕೆಯಾದ 'ಅಜ್ದರಾರ್' 1794ರಲ್ಲಿ ಪ್ರಕಟವಾದದ್ದು ಮದರಾಸಿನಲ್ಲಿ. ಹಳೆಯ ಊರು ಬರಿದಾದರೂ ಅದರ ಸ್ಮಶಾನ ಉಳಿದುಕೊಂಡಿತು.

ಆ ಸ್ಮಶಾನದ ವೈಶಿಷ್ಟ್ಯ 'ಖಾಚ್ಕಾರ್'. ಖಾಚ್ ಎಂದರೆ ಶಿಲುಬೆ, ಕಾರ್ ಎಂದರೆ ಕಲ್ಲು. ಒಂಬತ್ತನೆಯ ಶತಮಾನದಿಂದ ರೂಪುಗೊಂಡ ಈ ಶಿಲ್ಪಪ್ರಕಾರ ಜುಲ್ಫಾದಲ್ಲಿ ತನ್ನದೇ ಆದ ಶೈಲಿಯನ್ನು ಪಡೆಯಿತು. ಎತ್ತರವಾದ ಕಿರಿದಗಲದ ಫಲಕ, ಕಸೂತಿಯಂತಹ ಸೂಕ್ಷ್ಮ ಕೆತ್ತನೆ, ಬುಡದಲ್ಲಿ ಹಲವೊಮ್ಮೆ ಕುದುರೆಯೇರಿದ ಮೃತನ ಉಬ್ಬುಚಿತ್ರ ಇದರ ಲಕ್ಷಣಗಳು. ಮೃತನ ಹೆಸರಿನೊಡನೆ ಅರ್ಮೇನಿಯನ್ ಶಕೆಯ ವರ್ಷವನ್ನೂ ಅಕ್ಷರಸಂಖ್ಯೆಗಳಲ್ಲಿ ಕೆತ್ತುತ್ತಿದ್ದುದರಿಂದ ಪ್ರತಿಯೊಂದು ಕಲ್ಲೂ ಕಾಲನಿರ್ದಿಷ್ಟವಾದ ಶಾಸನವಾಗಿತ್ತು. ಈ ಅಂಶವನ್ನು ಗಮನಿಸದೆ ಇಲ್ಲಿಯ ನಾಶದ ಸ್ವರೂಪ ಅರ್ಥವಾಗುವುದಿಲ್ಲ.

1648ರಲ್ಲಿ ಇಲ್ಲಿಗೆ ಬಂದಿದ್ದ ಫ್ರೆಂಚ್ ಜೆಸ್ಯುಯಿಟ್ ಪಾದ್ರಿ ಅಲೆಕ್ಸಾಂಡರ್ ದ ರೋಡ್ ಸುಮಾರು 10,000 ಗೋರಿಗಲ್ಲುಗಳನ್ನು ಕಂಡುದಾಗಿ ಹೇಳಿದ್ದಾನೆ. ಇಪ್ಪತ್ತನೆಯ ಶತಮಾನದ ಆರಂಭದ ರೈಲುಮಾರ್ಗ ನಿರ್ಮಾಣದಲ್ಲಿ ಅನೇಕವು ಹಾಳಾದವು. ಸೋವಿಯತ್ ಕಾಲದ ಕೊನೆಗೆ ಉಳಿದವು ಸುಮಾರು 2,700.

1998ರಲ್ಲಿ ಕಲ್ಲುಗಳನ್ನು ಕಿತ್ತು ಸಾಗಿಸುವ ಕೆಲಸ ಮೊದಲಾಯಿತು. ಯುನೆಸ್ಕೋದ ಆಕ್ಷೇಪದಿಂದ ಕೆಲಕಾಲ ನಿಂತು 2002ರಲ್ಲಿ ಮರುಕಳಿಸಿತು. 2005ರ ಡಿಸೆಂಬರಿನಲ್ಲಿ ಸೈನಿಕರು ಉಳಿದ ಕಲ್ಲುಗಳನ್ನು ಸುತ್ತಿಗೆಗಳಿಂದ ಒಡೆದು, ಲಾರಿಗಳಲ್ಲಿ ತುಂಬಿ ನದಿಗೆ ಸುರಿದರು. ಇರಾನಿನ ದಡದಿಂದ ಇದನ್ನು ಚಿತ್ರೀಕರಿಸಲಾಯಿತು. 2006ರಲ್ಲಿ ಸ್ಥಳಪರಿಶೀಲನೆಗೆ ಹೊರಟ ಯುರೋಪಿಯನ್ ಪಾರ್ಲಿಮೆಂಟಿನ ನಿಯೋಗಕ್ಕೆ ಅನುಮತಿ ದೊರೆಯಲಿಲ್ಲ.

ಅಜರ್‌ಬೈಜಾನ್ ಈ ಆರೋಪವನ್ನು ನಿರಾಕರಿಸಿತು. ನಖಿಚೆವಾನಿನಲ್ಲಿ ಅರ್ಮೇನಿಯನ್ನರು ಎಂದೂ ವಾಸಿಸಿರಲೇ ಇಲ್ಲವೆಂಬ ಮಾತೂ ಅಧಿಕಾರಿಗಳ ಬಾಯಿಂದ ಬಂದಿತು. ಹೆಸರು, ವರ್ಷಗಳನ್ನು ಹೊತ್ತ ಕಲ್ಲುಗಳು ನಿಂತಿರುವವರೆಗೆ ಇಂಥ ಮಾತನ್ನು ಆಡುವುದು ಸಾಧ್ಯವಿರಲಿಲ್ಲ. ಅರ್ಮೇನಿಯನ್ ಪಡೆಗಳ ವಶದಲ್ಲಿದ್ದ ಅಗ್ದಾಮ್ ಮೊದಲಾದೆಡೆ ತನ್ನ ಮಸೀದಿ, ಸ್ಮಶಾನಗಳು ಹಾಳಾದುದನ್ನು ಅಜರ್‌ಬೈಜಾನ್ ಎತ್ತಿ ತೋರುತ್ತದೆ. ಅದೂ ನಿಜವೇ, ಆದರೆ ಅದು ಜುಲ್ಫಾದ ಪ್ರಶ್ನೆಗೆ ಉತ್ತರವಾಗಲಾರದು.

ನಿರಾಕರಣೆಗೆ ಎದುರಾಗಿ ನಿಂತದ್ದು ದಾಖಲೆ. ನಖಿಚೆವಾನಿನವರೇ ಆದ ಅರ್ಗಮ್ ಐವಾಜಿಯಾನ್ 1964ರಿಂದ 1987ರವರೆಗೆ, ಸೋವಿಯತ್ ಅಧಿಕಾರಿಗಳ ಕಣ್ಣುತಪ್ಪಿಸಿ, ಪ್ರಾಂತದ 89 ಚರ್ಚುಗಳನ್ನೂ 5,840 ಶಿಲುಬೆಗಲ್ಲುಗಳನ್ನೂ ದಾಖಲಿಸಿದ್ದರು. 2003 ಮತ್ತು 2009ರ ಉಪಗ್ರಹ ಚಿತ್ರಗಳನ್ನು ಹೋಲಿಸಿದ ಅಮೆರಿಕದ ವಿಜ್ಞಾನಾಭಿವೃದ್ಧಿ ಸಂಘವು ಸ್ಮಶಾನದ ನೆಲವನ್ನು ಸಮತಟ್ಟು ಮಾಡಿರುವುದನ್ನು 2010ರಲ್ಲಿ ಪ್ರಕಟಿಸಿತು. ಖಾಚ್ಕಾರ್ ಕಲೆ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದ್ದೂ ಅದೇ ವರ್ಷ. 'ಕಾಕಸಸ್ ಹೆರಿಟೇಜ್ ವಾಚ್' ಎಂಬ ಸಂಶೋಧಕರ ತಂಡದ 2022ರ ವರದಿಯ ಪ್ರಕಾರ, ನಖಿಚೆವಾನಿನಲ್ಲಿ ಗುರುತಿಸಲು ಸಾಧ್ಯವಾದ 110 ಅರ್ಮೇನಿಯನ್ ನೆಲೆಗಳಲ್ಲಿ 108 ಪೂರ್ಣವಾಗಿ ನಾಶವಾಗಿವೆ.

ಮೊದಲೇ ಬೇರೆಡೆಗೆ ಒಯ್ದಿದ್ದ ಜುಲ್ಫಾದ ಕೆಲವು ಕಲ್ಲುಗಳು ಅರ್ಮೇನಿಯಾದ ಎಚ್ಮಿಯಾಡ್ಜಿನ್ ಪ್ರಧಾನ ಚರ್ಚಿನ ಆವರಣದಲ್ಲಿ ಇಂದಿಗೂ ನಿಂತಿವೆ.