ಮೈನಸ್ 20 ಡಿಗ್ರಿ ಚಳಿ, ಬಾಯಲ್ಲಿ ಹೊಸ ಭಾಷೆ: ಹಾರ್ಬಿನ್‌ನಲ್ಲಿ ಚೀನೀ ಕಲಿಯೋ ವಿದೇಶಿ ವಿದ್ಯಾರ್ಥಿಗೆ ಗೆಳೆಯರು ಸಿಗೋದೆಲ್ಲಿ?

ಅಂಗಡಿಯ ಐಸ್‌ಕ್ರೀಂ ಫ್ರೀಜರ್ ಬಾಗಿಲು ತೆಗೆದು ಒಳಗೆ ಕೈ ಇಟ್ಟು ನೋಡಿ. ಅಲ್ಲಿರೋದು ಸುಮಾರು ಮೈನಸ್ 18 ಡಿಗ್ರಿ. ಚೀನಾದ ಈಶಾನ್ಯ ಮೂಲೆಯ ಹಾರ್ಬಿನ್ ನಗರದಲ್ಲಿ ಜನವರಿ ತಿಂಗಳ ಸರಾಸರಿ ಉಷ್ಣಾಂಶ ಹೆಚ್ಚುಕಮ್ಮಿ ಅಷ್ಟೇ. ರಾತ್ರಿ ಇನ್ನೂ ಕೆಳಗಿಳಿಯುತ್ತೆ. ಅಲ್ಲಿನ ಬೀದಿ ವ್ಯಾಪಾರಿಗಳು ಚಳಿಗಾಲದಲ್ಲಿ ಐಸ್‌ಕ್ರೀಂ ಅನ್ನು ರಟ್ಟಿನ ಡಬ್ಬದಲ್ಲಿ ಫುಟ್‌ಪಾತ್ ಮೇಲೇ ಇಟ್ಟು ಮಾರ್ತಾರೆ. ಫ್ರೀಜರೂ ಬೇಡ, ಕರೆಂಟ್ ಬಿಲ್ಲೂ ಇಲ್ಲ. ಕೊಳ್ಳೋರಿಗೂ ಕೊರತೆಯಿಲ್ಲ.

ಇಂಥ ಊರಿಗೆ ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳು ಚೀನೀ ಭಾಷೆ, ಅಂದ್ರೆ ಮ್ಯಾಂಡರಿನ್ ಕಲಿಯೋಕೆ ಬರ್ತಾರೆ. ಹಾರ್ಬಿನ್ ಜನರ ಮಾತು ಟಿವಿ ವಾರ್ತೆಯ ಶುದ್ಧ ಚೀನೀಗೆ ತುಂಬಾ ಹತ್ತಿರ ಅನ್ನೋ ಹೆಸರಿರೋದೇ ಕಾರಣ. ಹಾರ್ಬಿನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಹೈಲಾಂಗ್‌ಜಿಯಾಂಗ್ ವಿಶ್ವವಿದ್ಯಾಲಯ ಎರಡರಲ್ಲೂ ವಿದೇಶಿಯರಿಗೆ ಚೀನೀ ಕಲಿಸ್ತಾರೆ.

ನಮ್ಮ ಕಡೆಯವರಿಗೆ ಇದು ಯಾಕೆ ಬೇಕು ಅಂತ ಕೇಳಬಹುದು. ಎಂಬಿಬಿಎಸ್ ಓದೋಕೆ ಚೀನಾಕ್ಕೆ ಹೋಗುವವರಲ್ಲಿ ಕರ್ನಾಟಕದ ಹುಡುಗ ಹುಡುಗಿಯರೂ ಇದ್ದಾರೆ. ಪಾಠ ಇಂಗ್ಲಿಷ್‌ನಲ್ಲೇ ನಡೆದರೂ, ಎಚ್‌ಎಸ್‌ಕೆ ಅನ್ನೋ ಚೀನೀ ಭಾಷಾ ಪರೀಕ್ಷೆಯ 4ನೇ ಹಂತದಷ್ಟು ಭಾಷೆ ಬಾರದಿದ್ದರೆ ಪದವಿ ಸಿಗಲ್ಲ ಅಂತ ಬೀಜಿಂಗ್‌ನ ಭಾರತೀಯ ರಾಯಭಾರ ಕಚೇರಿ 2022ರಲ್ಲೇ ಸೂಚನೆ ಹೊರಡಿಸಿತ್ತು. ಆಸ್ಪತ್ರೆಯಲ್ಲಿ ರೋಗಿ ಇಂಗ್ಲಿಷ್ ಮಾತಾಡಲ್ಲವಲ್ಲ. ಏಜೆಂಟರು ಫೀಸು, ಹಾಸ್ಟೆಲ್ಲು, ಊಟ ಎಲ್ಲ ಹೇಳ್ತಾರೆ. ಚಳಿಗಾಲದ ಸಂಜೆ ಮಕ್ಕಳು ಯಾರ ಜೊತೆ ಕೂತಿರ್ತಾರೆ ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ. ಭಾಷೆ ಬರೋದು, ಬಾರದಿರೋದು ಬಹಳಷ್ಟು ನಿಂತಿರೋದು ಅದರ ಮೇಲೇ.

ನಾಲ್ಕು ಗಂಟೆಗೇ ಕತ್ತಲು

ಭಾಷಾ ತರಗತಿ ಸಾಮಾನ್ಯವಾಗಿ ಬೆಳಗ್ಗೆ 8ಕ್ಕೆ ಶುರು, ಮಧ್ಯಾಹ್ನದ ಊಟದ ಹೊತ್ತಿಗೆ ಮುಗೀತು. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ 4 ಆಗುವ ಮುಂಚೆಯೇ ಸೂರ್ಯ ಮುಳುಗ್ತಾನೆ. ದೇಶ ಅಷ್ಟು ದೊಡ್ಡದಿದ್ದರೂ ಎಲ್ಲಾ ಕಡೆ ಬೀಜಿಂಗ್ ಗಡಿಯಾರವೇ, ಹಾಗಾಗಿ ಪೂರ್ವದ ಊರುಗಳಿಗೆ ಬೇಗ ಕತ್ತಲು.

ಹೊರಗೆ ಎಷ್ಟು ಚಳಿಯೋ ಒಳಗೆ ಅಷ್ಟು ಬೆಚ್ಚಗೆ. ಉತ್ತರ ಚೀನಾದ ಊರುಗಳಲ್ಲಿ ಚಳಿಗಾಲ ಪೂರ್ತಿ ಪೈಪುಗಳಲ್ಲಿ ಬಿಸಿನೀರು ಹರಿಸಿ ಮನೆಗಳನ್ನ ಬಿಸಿ ಇಡ್ತಾರೆ. ಹಾರ್ಬಿನ್‌ನಲ್ಲಿ ಅಕ್ಟೋಬರ್‌ನಿಂದ ಏಪ್ರಿಲ್ ತನಕ ಈ ವ್ಯವಸ್ಥೆ. ರೂಮಿನೊಳಗೆ ಬರೀ ಟೀ ಶರ್ಟ್ ಸಾಕು. ದಕ್ಷಿಣದ ಶಾಂಘೈ, ಹಾಂಗ್‌ಝೌ ಕಡೆ ಇಂಥ ಸಾರ್ವಜನಿಕ ಬಿಸಿ ವ್ಯವಸ್ಥೆ ಇಲ್ಲ. ಹೀಗಾಗಿ ಹಿಮ ಕಡಿಮೆ ಬೀಳೋ ಆ ಊರುಗಳಲ್ಲೇ ರೂಮಿನೊಳಗೆ ಜಾಕೆಟ್ ಹಾಕಿಕೊಂಡು ನಡುಗಬೇಕಾಗುತ್ತೆ.

ಬೆಚ್ಚಗಿನ ರೂಮೇ ಇಲ್ಲಿ ತೊಂದರೆ ಕೊಡೋದು. ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ವಿದೇಶಿಯರಿಗೆ ಬೇರೆ ಹಾಸ್ಟೆಲ್ ಕಟ್ಟಡ. ಚೀನೀ ಗೆಳೆಯ ಬಂದರೆ ಕೆಳಗಿನ ಕೌಂಟರಿನಲ್ಲಿ ಹೆಸರು ಬರೆಸಬೇಕು, ರಾತ್ರಿ ಹೊತ್ತಾದರೆ ಹೊರಡಬೇಕು. ಒಳಗಿರೋರು ರಷ್ಯನ್ನರು, ಕೊರಿಯನ್ನರು, ಮಂಗೋಲಿಯಾದವರು, ಪಾಕಿಸ್ತಾನದವರು, ಆಫ್ರಿಕಾದ ಹುಡುಗರು. ಒಂದೇ ಅಡುಗೆ ಮನೆ, ಒಂದೇ ಪಡಸಾಲೆ, ಸ್ನೇಹ ಬೇಗ ಆಗುತ್ತೆ. ಆದರೆ ಅವರೆಲ್ಲ ಸೇರಿ ಆಡೋ ಮಾತು ಯಾವುದು? ಇಂಗ್ಲಿಷ್, ಇಲ್ಲಾಂದ್ರೆ ರಷ್ಯನ್. ಒಂದು ಚಳಿಗಾಲ ಮುಗಿದ ಮೇಲೆ ಚೀನೀಗಿಂತ ರಷ್ಯನ್ ಬೈಗುಳವೇ ಚೆನ್ನಾಗಿ ಬಂದಿದ್ದರೆ ಅದರಲ್ಲಿ ಆಶ್ಚರ್ಯ ಇಲ್ಲ.

ಅಂಗಡಿಯವರೇ ಮೇಷ್ಟ್ರು

ಹಾಗಾದ್ರೆ ಚೀನೀ ಮಾತಾಡೋರು ಸಿಗೋದೆಲ್ಲಿ? ಕಾಲೇಜು ಗೇಟಿನಾಚೆಯ ನೂಡಲ್ಸ್ ಅಂಗಡಿಯಲ್ಲಿ. ಅಂಗಡಿ ಮಾಲೀಕನಿಗೆ ಅಲ್ಲಿ 'ಲಾವ್‌ಬಾನ್' ಅಂತಾರೆ, ನಮ್ಮಲ್ಲಿ 'ಸಾಹುಕಾರ್ರೇ' ಅಂದ ಹಾಗೆ. ಮೇಷ್ಟ್ರು ವಿದೇಶಿ ಹುಡುಗನಿಗಾಗಿ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡ್ತಾರೆ. ಲಾವ್‌ಬಾನ್‌ಗೆ ಅಷ್ಟು ಪುರುಸೊತ್ತಿಲ್ಲ. ಹಿಂದೆ ಇನ್ನೂ ನಾಲ್ಕು ಜನ ಗಿರಾಕಿ ನಿಂತಿರ್ತಾರೆ. ಹೇಳಿದ್ದು ಅರ್ಥ ಆಗಲೇಬೇಕು, ಇಲ್ಲಾಂದ್ರೆ ಊಟ ಇಲ್ಲ.

ಚೀನೀ ಭಾಷೆಯಲ್ಲಿ ನಾಲ್ಕು ಸ್ವರಗಳು. ಅಕ್ಷರ ಒಂದೇ ಇದ್ದರೂ ದನಿ ಏರಿಳಿದರೆ ಅರ್ಥವೇ ಬೇರೆ. ವ್ಯಾಪಾರಸ್ಥರಿಗೆ ಹತ್ತಿರದ ಉದಾಹರಣೆ: 'ಮೈ' ಅನ್ನೋದನ್ನ ದನಿ ಇಳಿಸಿ ಮತ್ತೆ ಮೇಲೆತ್ತಿ ಹೇಳಿದರೆ ಕೊಳ್ಳೋದು, ಒಂದೇ ಏಟಿಗೆ ಕೆಳಗಿಳಿಸಿ ಹೇಳಿದರೆ ಮಾರೋದು! ಅಂಗಡಿಗೆ ಹೋಗಿ 'ಸೇಬು ಮಾರ್ತೀನಿ' ಅಂತ ಹೇಳಿ ನಗೆಪಾಟಲಾಗದೆ ಯಾರೂ ಚೀನೀ ಕಲಿತಿಲ್ಲ. ತೂಕದ ಲೆಕ್ಕವೂ ಬೇರೆ. ಅಲ್ಲಿನ 'ಜಿನ್' ಅಂದ್ರೆ ನಮ್ಮ ಅರ್ಧ ಕೆಜಿ, ಅದರ ಹತ್ತನೇ ಒಂದು ಪಾಲು 'ಲ್ಯಾಂಗ್', 50 ಗ್ರಾಂ. ಕಡುಬಿನಂಥ ಜಿಯಾವ್‌ಜ಼ಿಯನ್ನ ಎಷ್ಟೋ ಹೋಟೆಲುಗಳಲ್ಲಿ ಈ ಲೆಕ್ಕದಲ್ಲೇ ಕೇಳಬೇಕು. ಗೊತ್ತಿಲ್ಲದೆ ಒಂದು ಜಿನ್ ಹೇಳಿಬಿಟ್ಟರೆ ಟೇಬಲ್ ತುಂಬಾ ಕಡುಬು.

ಈಶಾನ್ಯ ಚೀನಾದ ತಟ್ಟೆಗಳು ಮೊದಲೇ ದೊಡ್ಡವು, ಮಧ್ಯದಲ್ಲಿಟ್ಟು ಎಲ್ಲರೂ ಹಂಚಿಕೊಳ್ಳೋ ಪದ್ಧತಿ. ಒಬ್ಬನೇ ಹೋದರೆ ಒಂದು ಪದಾರ್ಥದಲ್ಲೇ ಹೊಟ್ಟೆ ತುಂಬಿ ಮಿಕ್ಕಿದ್ದು ದಂಡ. ಹಾಗಾಗಿ ಊಟಕ್ಕೆ ಜೊತೆ ಹುಡುಕಲೇಬೇಕು, ಸ್ನೇಹ ಶುರುವಾಗೋದೇ ಅಲ್ಲಿ. ಸಸ್ಯಾಹಾರಿಗಳಿಗೆ 'ದಿ ಸಾನ್ ಶ್ಯೆನ್' ಅನ್ನೋ ಪಲ್ಯ ಇದೆ. ಆಲೂಗಡ್ಡೆ, ಬದನೆಕಾಯಿ, ದಪ್ಪ ಮೆಣಸಿನಕಾಯಿ ಕರಿದು ಬೆಳ್ಳುಳ್ಳಿ ಹಾಕಿದ್ದು. ಮಾಂಸ ಬೇಡ ಅಂತ ಬಾಯಿಬಿಟ್ಟು ಹೇಳಿಯೇ ತರಿಸಿಕೊಳ್ಳಬೇಕು. ಹಿರಿಯರಿದ್ದ ಊಟದಲ್ಲಿ 'ಗಾನ್‌ಬೇ' ಅಂತ ಲೋಟ ಎತ್ತಿ ಮದ್ಯ ಕುಡಿಸ್ತಾರೆ. ಕುಡಿಯದವರು ಚಹಾ ಲೋಟ ಎತ್ತಿದರೂ ನಡೆಯುತ್ತೆ, ಆದರೆ ಎತ್ತಬೇಕು.

ಇನ್ನೊಂದು ದಾರಿ 'ಯೂಬಾನ್', ಅಂದ್ರೆ ಭಾಷೆಯ ಜೊತೆಗಾರ. ಅರ್ಧ ಗಂಟೆ ನಾನು ನಿನಗೆ ಇಂಗ್ಲಿಷ್, ಅರ್ಧ ಗಂಟೆ ನೀನು ನನಗೆ ಚೀನೀ ಅನ್ನೋ ಒಪ್ಪಂದ. ಕೇಳೋಕೆ ಚೆಂದ. ಆದರೆ ಅವರ ಇಂಗ್ಲಿಷ್ ಇವರ ಚೀನೀಗಿಂತ ಚೆನ್ನಾಗಿದ್ದರೆ, ಹತ್ತು ನಿಮಿಷದಲ್ಲಿ ಮಾತು ಇಂಗ್ಲಿಷ್‌ಗೆ ಜಾರಿರುತ್ತೆ. ಇಂಗ್ಲಿಷ್ ಬಾರದ ಕ್ಷೌರದಂಗಡಿಯವನು, ಟ್ಯಾಕ್ಸಿ ಡ್ರೈವರ್, ಹಾಸ್ಟೆಲ್ ಬಾಗಿಲಲ್ಲಿ ಕೂರೋ 'ಆಯೀ' ಅದಕ್ಕಿಂತ ವಾಸಿ. ಆಯೀ ಅಂದ್ರೆ ಚಿಕ್ಕಮ್ಮ. ಟೋಪಿ ಹಾಕದೆ ಹೊರಗೆ ಹೊರಟರೆ ಬೈಯೋದು ಅವರೇ. ಆ ಬೈಗುಳ ಅರ್ಥ ಆದ ದಿನ ಪಾಠ ತಲೆಗೆ ಹತ್ತಿದೆ ಅಂತಲೇ ಲೆಕ್ಕ.

ಮನೆಗೆ ಫೋನು ಹೇಗೆ?

ಅಲ್ಲಿ ಗೆಳೆತನ, ಊಟದ ಬಿಲ್ಲು, ಕ್ಲಾಸಿನ ನೋಟಿಸು ಎಲ್ಲ ವೀಚಾಟ್‌ನಲ್ಲೇ. ಚಳಿಗೆ ಫೋನ್ ಬ್ಯಾಟರಿ ಇದ್ದಕ್ಕಿದ್ದಂತೆ ಸತ್ತುಹೋಗೋದುಂಟು, ಆಗ ಜೇಬಲ್ಲಿ ದುಡ್ಡೇ ಇಲ್ಲದ ಹಾಗೆ. ಅದಕ್ಕೇ ಫೋನನ್ನ ಅಂಗಿಯೊಳಗೆ ಮೈಗೆ ತಾಗಿಸಿ ಇಟ್ಟುಕೊಳ್ತಾರೆ. ಊರಿನ ಅಪ್ಪ ಅಮ್ಮನಿಗೆ ಇನ್ನೊಂದು ತಲೆನೋವು. ವೀಚಾಟ್ ಭಾರತದಲ್ಲಿ 2020ರ ಜೂನ್‌ನಿಂದ ನಿಷೇಧ, ವಾಟ್ಸಾಪ್ ಚೀನಾದಲ್ಲಿ ಬಂದ್. ಭಾರತದ ಸಿಮ್ ರೋಮಿಂಗ್‌ನಲ್ಲಿದ್ದರೆ ಸಾಮಾನ್ಯವಾಗಿ ವಾಟ್ಸಾಪ್ ನಡೆಯುತ್ತೆ, ಖರ್ಚು ಜಾಸ್ತಿ. ಸಮಯವೂ ನೋಡಬೇಕು. ನಮಗಿಂತ ಅವರು ಎರಡೂವರೆ ಗಂಟೆ ಮುಂದೆ. ಇಲ್ಲಿ ಅಂಗಡಿ ಮುಚ್ಚಿ ರಾತ್ರಿ 9ಕ್ಕೆ ಮಾಡಿದರೆ ಅಲ್ಲಿ 11.30.

ಊರೆಲ್ಲ ಖಾಲಿಯಾದಾಗ

ಜನವರಿ 5ರ ಹೊತ್ತಿಗೆ ಹಾರ್ಬಿನ್‌ನ ಹೆಸರಾಂತ ಮಂಜಿನ ಉತ್ಸವ. 1985ರಿಂದ ನಡೀತಿದೆ. ಸೊಂಗ್‌ಹುವಾ ನದಿ ಹೆಪ್ಪುಗಟ್ಟಿದಾಗ ಮಂಜುಗಡ್ಡೆ ಕೊಯ್ದು ಕೋಟೆ, ಗೋಪುರ ಕಟ್ಟಿ ಒಳಗೆ ಬಣ್ಣದ ದೀಪ ಹಾಕ್ತಾರೆ. ಹಾರ್ಬಿನ್ ಎಂಜಿನಿಯರಿಂಗ್ ವಿಶ್ವವಿದ್ಯಾಲಯದ ಆವರಣದಲ್ಲಿ ಕಾಲೇಜು ಹುಡುಗರ ಅಂತಾರಾಷ್ಟ್ರೀಯ ಹಿಮಶಿಲ್ಪ ಸ್ಪರ್ಧೆಯೂ ಉಂಟು. ಫೋಟೋಗಳಲ್ಲಿ ಕಾಣೋದು ಇಷ್ಟೇ.

ಫೋಟೋದಲ್ಲಿ ಕಾಣದ್ದು ಆಮೇಲಿನದು. ಸೆಮಿಸ್ಟರ್ ಮುಗಿದು ಚೀನೀ ಹೊಸ ವರ್ಷ ಹತ್ತಿರ ಬಂತು ಅಂದ್ರೆ ಚೀನೀ ವಿದ್ಯಾರ್ಥಿಗಳೆಲ್ಲ ಊರಿಗೆ. 2026ರಲ್ಲಿ ಹಬ್ಬ ಫೆಬ್ರವರಿ 17ಕ್ಕೆ ಬಿದ್ದಿತ್ತು. ಕ್ಯಾಂಟೀನಿನಲ್ಲಿ ಒಂದೆರಡು ಕಿಟಕಿ ತೆರೆದಿದ್ದರೆ ಪುಣ್ಯ. ನೂಡಲ್ಸ್ ಅಂಗಡಿಯ ಲಾವ್‌ಬಾನ್ ಕೂಡ ಷಟರ್ ಎಳೆದು ತನ್ನ ಹಳ್ಳಿಗೆ ಹೋಗಿರ್ತಾನೆ. ವಿಮಾನದ ದುಡ್ಡಿಲ್ಲದೆ ಉಳಿದ ವಿದೇಶಿ ಹುಡುಗ ಹುಡುಗಿಯರು ಇನ್‌ಸ್ಟಂಟ್ ನೂಡಲ್ಸ್ ಪ್ಯಾಕೆಟ್ ಪೇರಿಸಿಕೊಂಡು ಖಾಲಿ ಕಟ್ಟಡದಲ್ಲಿ ಕೂರಬೇಕು. ಮಾತಾಡೋಕೆ ಜನವೇ ಇಲ್ಲದ ಆ ವಾರಗಳು ಚಳಿಗಿಂತ ಕಷ್ಟ.

ಅಷ್ಟರೊಳಗೆ ಯಾರಾದರೂ 'ನಮ್ಮನೆಗೆ ಬಾ' ಅಂದಿದ್ದರೆ ಕಥೆಯೇ ಬೇರೆ. ಹೋಗೋರು ಹಣ್ಣಿನ ಬುಟ್ಟಿ ಒಯ್ಯಬಹುದು, ಗಡಿಯಾರ ಮಾತ್ರ ಬೇಡ. ಅಲ್ಲಿ 'ಗಡಿಯಾರ ಕೊಡೋದು' ಮತ್ತು 'ಅಂತ್ಯಕ್ರಿಯೆ ಮಾಡೋದು' ಎರಡೂ ಕಿವಿಗೆ ಒಂದೇ ಥರ ಕೇಳಿಸುತ್ತೆ. ಹಬ್ಬದ ಹಿಂದಿನ ರಾತ್ರಿ ಮನೆಮಂದಿಯೆಲ್ಲ ಕೂತು ಜಿಯಾವ್‌ಜ಼ಿ ಮಡಿಸ್ತಾರೆ, ಒಂದರಲ್ಲಿ ನಾಣ್ಯ ಇಟ್ಟಿರೋದೂ ಉಂಟು, ಸಿಕ್ಕಿದವರಿಗೆ ವರ್ಷ ಪೂರ್ತಿ ಅದೃಷ್ಟ. ಪಕ್ಕದಲ್ಲಿ ಟಿವಿಯಲ್ಲಿ 1983ರಿಂದ ಪ್ರತಿ ವರ್ಷ ಬರೋ ಹಬ್ಬದ ಕಾರ್ಯಕ್ರಮ. ಕರ್ರಗೆ ಕಲ್ಲಿನಂತೆ ಹೆಪ್ಪುಗಟ್ಟಿದ ಪೇರ್ ಹಣ್ಣನ್ನ ತಣ್ಣೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಕಚ್ಚಿ ರಸ ಹೀರಿಸ್ತಾರೆ. ನಿಮ್ಮೂರಲ್ಲಿ ಏನು ಬೆಳೀತಾರೆ, ಅಪ್ಪ ಏನು ಮಾಡ್ತಾರೆ, ಮದುವೆ ಯಾವಾಗ ಅಂತ ಅಜ್ಜಿ ಕೇಳ್ತಾ ಹೋಗ್ತಾರೆ. ಪುಸ್ತಕದಲ್ಲಿಲ್ಲದ ಉಚ್ಚಾರ, ಆದರೂ ಉತ್ತರ ಕೊಡಲೇಬೇಕು.

ಹಬ್ಬ ಕಳೆದು ಕೆಲವು ದಿನಕ್ಕೆ ಅಂಗಡಿಗಳು ಒಂದೊಂದಾಗಿ ಬಾಗಿಲು ತೆಗೀತವೆ. ನೂಡಲ್ಸ್ ಅಂಗಡಿಯವನು ಬಟ್ಟಲು ಮುಂದಿಟ್ಟು ಮೊದಲು ಕೇಳೋ ಪ್ರಶ್ನೆ ಇದೇ: ಹಬ್ಬ ಎಲ್ಲಿ ಮಾಡಿದೆ?